ಎಲ್ಲ ಕಡೆಯೂ ಶಾರ್ಟ್ ತೋರಿಸುತ್ತಿದೆ: ಕೆಟ್ಟಿದ್ದು ರೇಡಿಯೋನಾ, ಮೀಟರಾ?

ಓದುಗರ ಪ್ರಶ್ನೆ:

ನಮಸ್ಕಾರ ಸರ್. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ನನ್ನ ಚಿಕ್ಕಪ್ಪ ಚಿಕ್ಕಮಗಳೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅವರ ಮುಳ್ಳಿನ ಮಲ್ಟಿಮೀಟರ್ 1988ರಲ್ಲಿ ನನ್ನ ಕೈಗೆ ಬಂತು. ಇಷ್ಟು ವರ್ಷ ಒಂದು ಸಲವೂ ಕೈ ಕೊಟ್ಟಿರಲಿಲ್ಲ.

ಈ ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಅಜ್ಜನ ವಾಲ್ವ್ ರೇಡಿಯೋ ಇಳಿಸಿದೆ. ಇಸಿಎಚ್ 81, ಇಬಿಎಫ್ 89, ಇಸಿಎಲ್ 82, ಇಝಡ್ 80, ಹೀಗೆ ನಾಲ್ಕು ವಾಲ್ವ್. ಹಳೇ ಫಿಲ್ಟರ್ ಕಂಡೆನ್ಸರ್ ಸೋರಿದ್ದವು. 33 ಮೈಕ್ರೋಫ್ಯಾರಡ್, 450 ವೋಲ್ಟಿನ ಹೊಸ ಎರಡು ಹಾಕಿದೆ. ಇಝಡ್ 80 ಒಂದನ್ನು ಬಿಟ್ಟು ಉಳಿದ ಮೂರೂ ವಾಲ್ವ್ ಕಿತ್ತಿಟ್ಟು ಐದು ನಿಮಿಷ ಕರೆಂಟ್ ಕೊಟ್ಟೆ. ಹೊಗೆ ಬರಲಿಲ್ಲ. ಪ್ಲಗ್ ತೆಗೆದು, ಕಾಫಿ ಕುಡಿದು, ಹತ್ತು ನಿಮಿಷ ಬಿಟ್ಟು ಎಚ್‌ಟಿ (ಹೈ ವೋಲ್ಟೇಜ್) ಲೈನ್ ಚಾಸಿಗೆ, ಅಂದರೆ ಲೋಹದ ತಳಕ್ಕೆ, ಶಾರ್ಟ್ ಇದೆಯಾ ನೋಡೋಣ ಅಂತ ಓಮ್ ×1ಕ್ಕೆ ಹಾಕಿ ಇಟ್ಟೆ. ಚಟ್ ಅಂತ ಕಿಡಿ. ಮುಳ್ಳು ಬಲಗಡೆಗೆ ಬಡಿಯಿತು. ಸುಟ್ಟ ವಾಸನೆ.

ಮೀಟರಿನ ಫ್ಯೂಸ್ ಹೋಗಿತ್ತು. ಅಂಗಡಿಯಲ್ಲಿ 5 ಆಂಪಿಯರ್‌ದು ಸಿಕ್ಕಿತು, ಹಾಕಿದೆ. ಈಗ ವೋಲ್ಟೇಜ್ ಸರಿ ತೋರಿಸುತ್ತೆ. ಪಿನ್ ಎರಡೂ ಜೋಡಿಸಿದರೆ ಝೀರೋಗೂ ಬರುತ್ತೆ. ಆದರೆ ರೇಡಿಯೋದಲ್ಲಿ ಎಲ್ಲಿ ಇಟ್ಟರೂ ಶಾರ್ಟ್! ಹೊಸ ಕಂಡೆನ್ಸರ್, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಎಲ್ಲ ಝೀರೋ. ಅಜ್ಜನ ರೇಡಿಯೋನ ನಾನೇ ಸುಟ್ಟುಬಿಟ್ಟೆನಾ? ಒಬ್ಬರು ಹೇಳಿದರು, ಒಂದು ಸಲ ಪೆಟ್ಟು ತಿಂದ ಮೀಟರ್ ಬಿಸಾಕಿ ಅಂತ. ಇನ್ನೊಬ್ಬರು, ಝೀರೋ ಬರುತ್ತಲ್ಲ, ಮೀಟರ್ ಸರಿಯಿದೆ, ರೇಡಿಯೋನೇ ಹೋಗಿರೋದು ಅಂದರು. ಫ್ಯೂಸ್ ಬದಲು ತಂತಿ ಸುತ್ತಿ ಅಂದವರೂ ಇದ್ದಾರೆ. ಯಾರ ಮಾತು ಕೇಳಲಿ?

ಉತ್ತರ:

ಮೊದಲು ಸಮಾಧಾನದ ಮಾತು. ನಿಮ್ಮ ರೇಡಿಯೋ ಸುಟ್ಟಿರುವ ಸಾಧ್ಯತೆ ತುಂಬಾ ಕಡಿಮೆ. ಸುಳ್ಳು ಹೇಳುತ್ತಿರುವುದು ಮೀಟರ್. ಅದೂ ಒಂದೇ ಒಂದು ರೇಂಜ್‌ನಲ್ಲಿ, ಮತ್ತು ಹೆಚ್ಚು ಕಡಿಮೆ ಒಂದೇ ಒಂದು ಪುಟ್ಟ ರೆಸಿಸ್ಟರ್ ಕಾರಣಕ್ಕೆ.

ಹಾಸನದಲ್ಲಿ ರೇಡಿಯೋ, ಮೀಟರ್ ರಿಪೇರಿ ಮಾಡುತ್ತಾ ಮೂವತ್ತು ವರ್ಷದ ಮೇಲಾಯಿತು. ಮೀಟರ್ ಸುಟ್ಟುಕೊಂಡು ಬರುವವರಲ್ಲಿ ಹೊಸಬರಿಗಿಂತ ಅನುಭವಸ್ಥರೇ ಜಾಸ್ತಿ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ, ರೇಂಜ್ ಎಲ್ಲಿದೆ ಅಂತ ಕಣ್ಣು ನೋಡಿರುವುದಿಲ್ಲ. ನೀವಂತೂ ಪ್ಲಗ್ ತೆಗೆದು ಹತ್ತು ನಿಮಿಷ ಕಾದಿದ್ದೀರಿ. ನಿಮ್ಮದು ಅಜಾಗರೂಕತೆ ಅಲ್ಲ. ನಿಮಗೆ ಗೊತ್ತಿಲ್ಲದ ಒಂದು ವಿಷಯ ಅಲ್ಲಿ ಕೂತಿತ್ತು, ಅಷ್ಟೆ.

ಅದು ಏನು ಅಂತ ನೋಡೋಣ. ಪ್ಲಗ್ ತೆಗೆದರೆ ಕರೆಂಟ್ ಹೋಯಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ವಾಲ್ವ್ ರೇಡಿಯೋದಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಸಾಮಾನ್ಯವಾಗಿ ಸೆಟ್ ಆಫ್ ಮಾಡಿದ ಮೇಲೂ ವಾಲ್ವ್‌ಗಳು ಸ್ವಲ್ಪ ಹೊತ್ತು ಬಿಸಿಯಾಗಿರುತ್ತವೆ. ಫಿಲ್ಟರ್ ಕಂಡೆನ್ಸರಿನಲ್ಲಿ ಉಳಿದ ಚಾರ್ಜ್ ಅವುಗಳ ಮೂಲಕ ಹರಿದು ಖಾಲಿಯಾಗುತ್ತದೆ. ನೀವು ಮೂರೂ ವಾಲ್ವ್ ಕಿತ್ತಿಟ್ಟಿದ್ದಿರಿ. ಕುಡಿಯುವವರೇ ಇಲ್ಲದ ಮೇಲೆ ತುಂಬಿದ ಕೊಡ ತುಂಬಿದ ಹಾಗೇ ಇರುತ್ತದೆ ಅಲ್ವಾ? ಇಝಡ್ 80 ರೆಕ್ಟಿಫೈಯರ್ ಒಂದೇ ಕಡೆಗೆ ಬಿಡುವ ವಾಲ್ವ್, ಹಾಗಾಗಿ ಅದರ ಮೂಲಕ ವಾಪಸ್ ಹೋಗಲೂ ದಾರಿ ಇಲ್ಲ.

ಇನ್ನೂ ಒಂದು ಇದೆ. ಲೋಡ್ ಇಲ್ಲದಾಗ ಎಚ್‌ಟಿ ವೋಲ್ಟೇಜ್ ಏರುತ್ತದೆ. ಇಂಥ ಸೆಟ್‌ಗಳ ಟ್ರಾನ್ಸ್‌ಫಾರ್ಮರಿನಲ್ಲಿ ಎಚ್‌ಟಿ ವೈಂಡಿಂಗ್ 250 ವೋಲ್ಟ್ ಆಸುಪಾಸು ಇದ್ದರೆ ಕಂಡೆನ್ಸರ್ ಅದರ ಪೀಕ್‌ವರೆಗೆ, ಅಂದರೆ 350ರ ಹತ್ತಿರಕ್ಕೆ ತುಂಬಿಕೊಳ್ಳುತ್ತದೆ. ಹಳೇ ಕಂಡೆನ್ಸರ್ ಇದ್ದಿದ್ದರೆ ಒಳಗೊಳಗೇ ಲೀಕ್ ಆಗಿ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತಿತ್ತು. ನೀವು ಹಾಕಿದ್ದು ಹೊಸದು, ಒಳ್ಳೇದು. ಒಳ್ಳೇ ಕಂಡೆನ್ಸರಿಗೆ ಹತ್ತು ನಿಮಿಷ ಲೆಕ್ಕವೇ ಅಲ್ಲ, ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಈಗ ಮೀಟರ್ ಕಡೆ ಬರೋಣ. ಓಮ್ ×1ಕ್ಕೆ ಹಾಕಿದಾಗ ಮೀಟರ್ ಅಂದರೆ ಎರಡು ಸೆಲ್ ಮತ್ತು ಸುಮಾರು 20 ಓಮ್ ರೆಸಿಸ್ಟೆನ್ಸ್, ಅಷ್ಟೆ. ಎದುರಿಗೆ ಬಂದದ್ದು 300 ವೋಲ್ಟ್ ಅಂತಲೇ ಇಟ್ಟುಕೊಳ್ಳಿ. ಆ ಕ್ಷಣಕ್ಕೆ 15 ಆಂಪಿಯರ್ ನುಗ್ಗುತ್ತದೆ. ನಿಮ್ಮ ಎರಡು ಕಂಡೆನ್ಸರ್ ಸೇರಿ 66 ಮೈಕ್ರೋಫ್ಯಾರಡ್‌ನಲ್ಲಿ 300 ವೋಲ್ಟಿಗೆ ತುಂಬಿರುವ ಶಕ್ತಿ ಸುಮಾರು 3 ಜೂಲ್. ಕೇಳುವುದಕ್ಕೆ ಸಣ್ಣದು. 300 ಗ್ರಾಂ ಕಲ್ಲು ಒಂದು ಮೀಟರ್ ಮೇಲಿಂದ ಬಿದ್ದಷ್ಟು. ಆದರೆ ಅದೆಲ್ಲ ಒಂದೆರಡು ಮಿಲಿಸೆಕೆಂಡಿನಲ್ಲಿ, ಕಾಲು ವ್ಯಾಟಿನ ರೆಸಿಸ್ಟರ್ ಮೇಲೆ ಬಿತ್ತು. ಫ್ಯೂಸ್ ಹೋಯಿತು ನಿಜ. ಅದು ಹೋಗುವಷ್ಟರಲ್ಲಿ ರೆಸಿಸ್ಟರ್ ಕೂಡ ಬಿರುಕು ಬಿಟ್ಟಿರುತ್ತದೆ. ನಿಮಗೆ ಬಂದ ವಾಸನೆ ಅದರದೇ ಇರಬೇಕು.

ಹಾಗಾದರೆ ಎಲ್ಲ ಕಡೆ ಶಾರ್ಟ್ ತೋರಿಸುತ್ತಿರುವುದು ಯಾಕೆ? ನಿಮ್ಮ ಪ್ರಶ್ನೆಯ ತಿರುಳು ಇದೇ, ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಂಥ ಮೀಟರುಗಳಲ್ಲಿ ×1 ರೇಂಜ್‌ಗೆ ಒಂದು ಕಡಿಮೆ ಓಮಿನ ರೆಸಿಸ್ಟರ್ ಇರುತ್ತದೆ, 18 ಓಮ್ ಆಸುಪಾಸು. ಸೆಲ್‌ನ ಕರೆಂಟ್ ಬಹುಪಾಲು ಅದರ ಮೂಲಕವೇ ಹೋಗುತ್ತದೆ. ಅದರ ಎರಡು ತುದಿಗಳ ಮಧ್ಯೆ ಎಷ್ಟು ವೋಲ್ಟ್ ಬಿತ್ತು ಅನ್ನುವುದನ್ನು ಮುಳ್ಳು ತೋರಿಸುತ್ತದೆ. ನೀವು ಹೊರಗೆ 20 ಓಮ್ ಇಟ್ಟರೆ ವೋಲ್ಟೇಜ್ ಸಮ ಪಾಲಾಗಿ ಮುಳ್ಳು ಸ್ಕೇಲಿನ ಮಧ್ಯಕ್ಕೆ ಬರುತ್ತದೆ. ಈಗ ಆ ರೆಸಿಸ್ಟರ್ ಓಪನ್ ಆಯಿತು, ಅಂದರೆ ಒಳಗೇ ಕಡಿದುಹೋಯಿತು ಅನ್ನಿ. ಆಗ ಸರ್ಕ್ಯೂಟಿನಲ್ಲಿ ಉಳಿಯುವುದು ಮುಳ್ಳಿನ ಕಾಯಿಲ್ ಮತ್ತು ಅದರ ಸಾವಿರಗಟ್ಟಲೆ ಓಮ್ ಮಾತ್ರ. ಅಷ್ಟು ದೊಡ್ಡ ರೆಸಿಸ್ಟೆನ್ಸಿನ ಮುಂದೆ ನೀವು ಹೊರಗೆ ಇಡುವ 10 ಓಮ್ ಆಗಲಿ, 400 ಓಮ್ ಆಗಲಿ, ಇದ್ದೂ ಇಲ್ಲದ ಹಾಗೆ. ಮುಳ್ಳು ಸೀದಾ ಓಮ್ ಸ್ಕೇಲಿನ ಬಲತುದಿಯ ಝೀರೋಗೆ ಹೋಗಿ ನಿಲ್ಲುತ್ತದೆ.

ಅಂದರೆ ಪಿನ್ ಜೋಡಿಸಿದರೂ ಝೀರೋ, ಟ್ರಾನ್ಸ್‌ಫಾರ್ಮರ್ ಇಟ್ಟರೂ ಝೀರೋ. ಝೀರೋ ಬರುತ್ತಲ್ಲ, ಮೀಟರ್ ಸರಿಯಿದೆ ಅಂತ ನಿಮ್ಮ ಸ್ನೇಹಿತರು ಹೇಳಿದ್ದು ಇದಕ್ಕೇ. ಅವರನ್ನು ತಪ್ಪು ಅನ್ನಲಾರೆ, ನಾವೆಲ್ಲ ಕಲಿತ ಮೊದಲ ಪರೀಕ್ಷೆಯೇ ಅದು. ಆದರೆ ಆ ಪರೀಕ್ಷೆ ಫ್ಯೂಸ್, ಸೆಲ್, ಲೀಡ್ ಸರಿಯಿದೆಯಾ ಅಂತ ಮಾತ್ರ ಹೇಳುತ್ತದೆ. ಅಳತೆ ಸರಿಯಿದೆಯಾ ಅಂತ ಹೇಳುವುದಿಲ್ಲ.

ಇವತ್ತೇ ಒಂದು ಕೆಲಸ ಮಾಡಿ. ರೇಡಿಯೋನ ಮುಟ್ಟಬೇಡಿ. ಒಂದು 10 ಓಮ್, ಒಂದು 100 ಓಮ್ ರೆಸಿಸ್ಟರ್ ತೆಗೆದುಕೊಳ್ಳಿ. ×1ಕ್ಕೆ ಹಾಕಿ ಬಿಡಿಯಾಗಿ ಮೇಜಿನ ಮೇಲೆ ಅಳೆಯಿರಿ. ಎರಡಕ್ಕೂ ಮುಳ್ಳು ಝೀರೋದಲ್ಲೇ ನಿಂತರೆ ನಾನು ಹೇಳಿದ್ದು ಖಾತ್ರಿಯಾಯಿತು. ಆಮೇಲೆ ×1ಕೆ (ಕೆ ಅಂದರೆ ಸಾವಿರ) ರೇಂಜ್‌ಗೆ ಹಾಕಿ ಒಂದು 22 ಕೆ ರೆಸಿಸ್ಟರ್ ನೋಡಿ. ಆ ರೇಂಜಿನ ರೆಸಿಸ್ಟರ್ ಬೇರೆ, ಅದು ಸರಿ ತೋರಿಸುವ ಸಾಧ್ಯತೆ ಜಾಸ್ತಿ.

ಕಾಯಿಲ್ ಉಳಿದದ್ದು ಹೇಗೆ ಅಂತ ನಿಮಗೆ ಆಶ್ಚರ್ಯ ಆಗಬಹುದು. ಪೂರ್ತಿ ಸ್ಕೇಲಿಗೆ ಸುಮಾರು 50 ಮೈಕ್ರೋಆಂಪಿಯರ್ ಸಾಕಾಗುವ ಕೂದಲಿನಂಥ ತಂತಿ ಅದು. ಒಳ್ಳೇ ಮೀಟರುಗಳಲ್ಲಿ ಕಾಯಿಲ್‌ಗೆ ಅಡ್ಡಲಾಗಿ ಎರಡು ಡಯೋಡ್ ಉಲ್ಟಾ ಸೀದಾ ಹಾಕಿರುತ್ತಾರೆ. ವೋಲ್ಟೇಜ್ ಅರ್ಧ ವೋಲ್ಟ್ ದಾಟಿ ಸ್ವಲ್ಪ ಮೇಲೇರಿದ ಕೂಡಲೇ ಅವು ಕರೆಂಟನ್ನು ತಮ್ಮ ಮೇಲೆ ಎಳೆದುಕೊಳ್ಳುತ್ತವೆ. ಮುಳ್ಳು ಬಡಿಯುತ್ತದೆ, ಕಾಯಿಲ್ ಬದುಕುತ್ತದೆ. ನಿಮ್ಮ ವೋಲ್ಟ್ ರೇಂಜ್ ಕೆಲಸ ಮಾಡುತ್ತಿದೆ ಅಂದರೆ ಕಾಯಿಲ್ ಓಪನ್ ಆಗಿಲ್ಲ ಅಂತ ನೆಮ್ಮದಿಯಾಗಿರಿ.

ಇಂಥ ಅವಘಡ ಮೀಟರ್‌ನಷ್ಟೇ ಹಳೇದು. ಬ್ರಿಟಿಷ್ ಪೋಸ್ಟ್ ಆಫೀಸಿನ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ರೂಪಿಸಿದ ಅವೋ ಮೀಟರ್ ಮಾರುಕಟ್ಟೆಗೆ ಬಂದದ್ದು 1923ರಲ್ಲಿ. ಆಮೇಲಿನ ಅವೋ ಮಾಡೆಲ್‌ಗಳಲ್ಲಿ ಮುಳ್ಳು ಜೋರಾಗಿ ಬಡಿದರೆ ತಾನೇ ಸರ್ಕ್ಯೂಟ್ ಕಡಿಯುವ ಒಂದು ಗುಂಡಿ ಇರುತ್ತಿತ್ತು, ಟಕ್ ಅಂತ ಮೇಲೆ ಹಾರುತ್ತಿತ್ತು. ತಪ್ಪು ರೇಂಜಿಗೆ ಇಡುವವರು ಇದ್ದೇ ಇರುತ್ತಾರೆ ಅಂತ ತಿಳಿದೇ ಮಾಡಿದ ವ್ಯವಸ್ಥೆ ಅದು.

ಇನ್ನು ನೀವು ಕೇಳಿದ ಮಾತುಗಳನ್ನು ಒಂದೊಂದಾಗಿ ನೋಡೋಣ.

ತಂತಿ ಸುತ್ತುವ ಮಾತನ್ನು ದಯವಿಟ್ಟು ಕಿವಿಗೇ ಹಾಕಿಕೊಳ್ಳಬೇಡಿ. ನೀವು ಈಗ ಹಾಕಿರುವ 5 ಆಂಪಿಯರ್ ಫ್ಯೂಸ್ ಕೂಡ ಹೆಚ್ಚು ಕಡಿಮೆ ತಂತಿಯೇ. ಇಂಥ ಮೀಟರಿನಲ್ಲಿ ಇರಬೇಕಾದದ್ದು ಸಾಮಾನ್ಯವಾಗಿ 0.5 ಆಂಪಿಯರ್, 250 ವೋಲ್ಟಿನ ಬೇಗ ಹೋಗುವ ಫ್ಯೂಸ್. ನಿಮ್ಮ ಮೀಟರಿನ ಹಿಂಬದಿಯ ಮುಚ್ಚಳದಲ್ಲಿ ಅಥವಾ ಬೋರ್ಡ್ ಮೇಲೆ ಬರೆದಿರುತ್ತದೆ, ಅದನ್ನೇ ಹಾಕಿ. ಮುಂದಿನ ಸಲ ಇಂಥದೇ ತಪ್ಪಾದರೆ 5 ಆಂಪಿಯರ್ ಫ್ಯೂಸ್ ಕದಲದೆ ಕೂತಿರುತ್ತದೆ, ಬೋರ್ಡಿನ ತಾಮ್ರದ ಗೆರೆ ಎದ್ದು ಬರುತ್ತದೆ. ಕಂಡೆನ್ಸರ್ ಬದಲು ಮೇನ್ಸ್ ಇದ್ದರೆ ನಿಮ್ಮ ಕೈಯಲ್ಲೇ ಸಿಡಿಯಬಹುದು. ಇನ್ನೊಂದು ಮಾತು. ಫ್ಯೂಸಿಗೂ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ, ×1 ರೇಂಜಿನ ಲೆಕ್ಕದಲ್ಲಿ ಅದೂ ಸೇರಿರುತ್ತದೆ. ಫ್ಯೂಸ್ ಬದಲಾದರೆ ಆ ರೇಂಜಿನ ಅಳತೆಯೂ ಒಂಚೂರು ಬದಲಾಗುತ್ತದೆ.

ಪೆಟ್ಟು ತಿಂದ ಮೀಟರ್ ಬಿಸಾಕಿ ಅನ್ನುವ ಮಾತು ಪೂರ್ತಿ ನಿಜ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಮೀಟರ್ ಒಂದು ಜೀವ ಇದ್ದ ಹಾಗೆ, ಪೆಟ್ಟು ಬಿದ್ದರೆ ಇಡೀ ದೇಹ ಕೆಟ್ಟಿತು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೊಂದು ರೇಂಜಿಗೂ ಅದರದೇ ರೆಸಿಸ್ಟರ್, ಅದರದೇ ದಾರಿ. ಒಂದು ಸುಟ್ಟರೆ ಉಳಿದವು ಚೆನ್ನಾಗಿಯೇ ಇರಬಹುದು. ಆದರೆ ಇರಬಹುದು ಅನ್ನುವುದಕ್ಕೂ ಇದೆ ಅನ್ನುವುದಕ್ಕೂ ವ್ಯತ್ಯಾಸ ಇದೆ. ನನಗೆ ನಿಮ್ಮ ಮೀಟರ್ ಬಗ್ಗೆ ಭಯ ಇರುವುದು ಇಲ್ಲೇ. ಸತ್ತ ಮೀಟರಿನಿಂದ ಯಾರಿಗೂ ಅಪಾಯ ಇಲ್ಲ, ಅದನ್ನು ಯಾರೂ ನಂಬುವುದಿಲ್ಲ. ಅರ್ಧ ಬದುಕಿದ ಮೀಟರ್ 280 ವೋಲ್ಟ್ ಇರುವ ಕಡೆ ಸೊನ್ನೆ ತೋರಿಸಿದರೆ ನಾವು ಕೈ ಇಟ್ಟುಬಿಡುತ್ತೇವೆ. ಹಾಗಾಗಿ ಈ ಮೀಟರಿಗೆ ಚಿಕ್ಕಪ್ಪನ ಕಾಲದಿಂದ ಇದ್ದ ಮರ್ಯಾದೆ ವಾಪಸ್ ಸಿಗಬೇಕಾದರೆ ಒಂದೊಂದು ರೇಂಜನ್ನೂ ಹೊಸದಾಗಿ ಪರೀಕ್ಷೆ ಮಾಡಬೇಕು.

ಆ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಮೊದಲು ಮೀಟರನ್ನು ಚಪ್ಪಟೆಯಾಗಿ ಮೇಜಿನ ಮೇಲೆ ಇಟ್ಟು, ಲೀಡ್ ತೆಗೆದು, ಮುಳ್ಳು ಎಲ್ಲಿ ನಿಂತಿದೆ ನೋಡಿ. ಬಲಗಡೆಗೆ ಬಡಿದ ಮುಳ್ಳು ತುದಿಯಲ್ಲಿ ಕೂದಲೆಳೆಯಷ್ಟು ಬಾಗಿರುತ್ತದೆ. ಹಾಗಾದರೆ ಅದು ಸೊನ್ನೆಗಿಂತ ಒಂಚೂರು ಎಡಕ್ಕೆ ಕೂರುತ್ತದೆ. ಮುಖದ ಮೇಲಿನ ಪ್ಲಾಸ್ಟಿಕ್ ಸ್ಕ್ರೂ ತಿರುಗಿಸಿ ಸೊನ್ನೆಗೆ ತನ್ನಿ. ಆಮೇಲೆ ಗಾಜನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ತಟ್ಟಿದಾಗ ಮುಳ್ಳು ಜಾಗ ಬದಲಿಸಿದರೆ ಒಳಗೆ ಎಲ್ಲೋ ಉಜ್ಜುತ್ತಿದೆ ಅಂತ ಅರ್ಥ. ಮೀಟರನ್ನು ನೆಟ್ಟಗೆ ನಿಲ್ಲಿಸಿ, ಎಡಕ್ಕೆ ಬಲಕ್ಕೆ ವಾಲಿಸಿ. ಮುಳ್ಳು ಸೊನ್ನೆ ಬಿಟ್ಟು ಜಾಸ್ತಿ ಓಡಾಡಿದರೆ ಅದರ ತೂಕದ ಸಮತೋಲ ತಪ್ಪಿದೆ. ಉಜ್ಜುವುದು, ಸಮತೋಲ ತಪ್ಪುವುದು, ಎರಡೂ ನುರಿತವರ ಕೆಲಸ. ನೀವು ಕೈ ಹಾಕಬೇಡಿ. ಆ ಅಯಸ್ಕಾಂತದ ಸಂದಿಗೆ ಕಬ್ಬಿಣದ ಒಂದು ಚೂರು ಹೋದರೂ ಹೊರಗೆ ತೆಗೆಯುವುದು ಬಲು ಕಷ್ಟ.

ವೋಲ್ಟ್ ರೇಂಜಿಗೆ ಹೊಸ ಪೆನ್ ಟಾರ್ಚ್ ಸೆಲ್ ಆರು ತನ್ನಿ. ಹೊಸ ಸೆಲ್ 1.5 ವೋಲ್ಟಿಗಿಂತ ಒಂಚೂರು ಮೇಲೆಯೇ ಇರುತ್ತದೆ. ಡಿಸಿ 10 ವೋಲ್ಟ್ ರೇಂಜಿನಲ್ಲಿ ಒಂದು ಸೆಲ್, ಆಮೇಲೆ ಎರಡು, ಮೂರು, ಹೀಗೆ ಸೇರಿಸುತ್ತಾ ಹೋಗಿ. ಪ್ರತಿ ಸಲವೂ ಮುಳ್ಳು ಒಂದೇ ಅಳತೆಯ ಹೆಜ್ಜೆ ಇಡಬೇಕು. ಮೊದಲ ಹೆಜ್ಜೆ ದೊಡ್ಡದಾಗಿ, ಕೊನೆಯದು ಚಿಕ್ಕದಾದರೆ ಕಾಯಿಲ್, ಸ್ಪ್ರಿಂಗ್ ಅಥವಾ ಡಯೋಡ್‌ನಲ್ಲಿ ತೊಂದರೆ ಇದೆ. ಎಂಎ (ಮಿಲಿಆಂಪಿಯರ್) ರೇಂಜಿಗೆ 9 ವೋಲ್ಟ್ ಬ್ಯಾಟರಿ ಜೊತೆ ಸಾಲಾಗಿ 1 ಕೆ ರೆಸಿಸ್ಟರ್ ಇಟ್ಟರೆ 9 ಮಿಲಿಆಂಪಿಯರ್ ಹತ್ತಿರ ಬರಬೇಕು, 10 ಕೆ ಇಟ್ಟರೆ 0.9. ದೊಡ್ಡ ವೋಲ್ಟ್ ರೇಂಜುಗಳಿಗೆ ನಂಬಿಕೆಯ ಇನ್ನೊಂದು ಮೀಟರನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಗ್ಗೆ ಹೇಳಲೇಬೇಕು. ಮುಳ್ಳಿನ ಮೀಟರುಗಳಲ್ಲಿ ಡಿಸಿ ಅಳತೆ ಸಾಮಾನ್ಯವಾಗಿ ಫುಲ್ ಸ್ಕೇಲಿನ ಶೇ. 3ರಷ್ಟು ಆಚೀಚೆ ಇರಲು ಅವಕಾಶ ಇದೆ. 250ರ ರೇಂಜಿನಲ್ಲಿ ಅದು ಏಳೂವರೆ ವೋಲ್ಟ್. ಡಿಜಿಟಲ್ ಮೀಟರ್ 230 ಅಂದಾಗ ನಿಮ್ಮದು 225 ಅಂದರೆ ಕೆಟ್ಟಿದೆ ಅಂತಲ್ಲ. ಇನ್ನೂ ಒಂದು. ಇದು ವೋಲ್ಟಿಗೆ 20 ಸಾವಿರ ಓಮ್ ಜಾತಿಯ ಮೀಟರ್ ಆಗಿದ್ದರೆ, 50 ವೋಲ್ಟ್ ರೇಂಜಿನಲ್ಲಿ ಅದರ ಒಳಗಿನ ರೆಸಿಸ್ಟೆನ್ಸ್ 10 ಲಕ್ಷ ಓಮ್. ಡಿಜಿಟಲ್‌ನದ್ದು ಸಾಮಾನ್ಯವಾಗಿ ಒಂದು ಕೋಟಿ. ಇಸಿಎಲ್ 82ರ ಟ್ರಯೋಡ್ ಪ್ಲೇಟಿನಂಥ, ದೊಡ್ಡ ರೆಸಿಸ್ಟರ್ ಮೂಲಕ ವೋಲ್ಟೇಜ್ ಬರುವ ಕಡೆ ಎರಡೂ ಬೇರೆ ಬೇರೆ ವೋಲ್ಟೇಜ್ ತೋರಿಸುವುದು ಸಹಜ. ಹಳೇ ಸರ್ವಿಸ್ ಶೀಟ್‌ಗಳಲ್ಲಿ ಬರೆದ ವೋಲ್ಟೇಜ್ ಅಳೆದದ್ದು ಬಹುಪಾಲು ಮುಳ್ಳಿನ ಮೀಟರಿನಿಂದಲೇ. ಹಾಗಾಗಿ ವಾಲ್ವ್ ಸೆಟ್‌ಗೆ ನಿಮ್ಮ ಹಳೇ ಮೀಟರ್ ಇವತ್ತಿಗೂ ಒಳ್ಳೇ ಜೊತೆ. ಇದನ್ನು ಉಳಿಸಿಕೊಳ್ಳಿ ಅಂತ ನಾನು ಹೇಳುವುದಕ್ಕೆ ಚಿಕ್ಕಪ್ಪನ ನೆನಪು ಒಂದೇ ಕಾರಣ ಅಲ್ಲ.

ರಿಪೇರಿ ನೀವೇ ಮಾಡಬಹುದಾ? ಸೋಲ್ಡರ್ ಮಾಡಲು ಬರುತ್ತದೆ ಅಂದರೆ ಮಾಡಬಹುದು. ಲೀಡ್ ತೆಗೆದು, ಸೆಲ್ ತೆಗೆದು, ಹಿಂಬದಿ ಬಿಚ್ಚಿ. ಒಳ್ಳೇ ಬೆಳಕಿನಲ್ಲಿ ನೋಡಿ. ಒಂದು ರೆಸಿಸ್ಟರ್ ಹೊಟ್ಟೆಯಲ್ಲಿ ಕಪ್ಪಾಗಿ, ಬಣ್ಣದ ಪಟ್ಟಿ ಕಂದಿ, ಕೆಲವು ಸಲ ಕೂದಲಿನಂಥ ಬಿರುಕು ಬಿಟ್ಟು ಕೂತಿರುತ್ತದೆ. ಬಣ್ಣ ಕಂಡರೆ ಅಷ್ಟೇ ಓಮಿನ, ಶೇ. 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ. ಬಣ್ಣ ಸುಟ್ಟುಹೋಗಿದ್ದರೆ ಸ್ಕೇಲೇ ಉತ್ತರ ಹೇಳುತ್ತದೆ. ಓಮ್ ಸ್ಕೇಲಿನ ಸರಿ ಮಧ್ಯದಲ್ಲಿ ಯಾವ ಅಂಕೆ ಇದೆಯೋ ×1 ರೇಂಜಿನಲ್ಲಿ ಮೀಟರಿನ ಒಟ್ಟು ಒಳ ರೆಸಿಸ್ಟೆನ್ಸ್ ಅಷ್ಟೇ. ಮಧ್ಯದಲ್ಲಿ 20 ಇದ್ದರೆ ಒಟ್ಟು 20. ಅದರಲ್ಲಿ ಸೆಲ್, ಫ್ಯೂಸ್, ಸ್ವಿಚ್ ಎಲ್ಲ ಸೇರಿ ಒಂದೆರಡು ಓಮ್ ಕಳೆಯಿರಿ. 18 ಹಾಕಿ ನೋಡಿ. ಪಿನ್ ಜೋಡಿಸಿ ಝೀರೋ ಸರಿ ಮಾಡಿಕೊಂಡು ಒಂದು ನಿಖರವಾದ 20 ಓಮ್ ಇಡಿ. ಮುಳ್ಳು ಸರಿಯಾಗಿ ನಡುಮಧ್ಯಕ್ಕೆ ಬರಬೇಕು. ಬಲಕ್ಕೆ ವಾಲಿದರೆ ರೆಸಿಸ್ಟರ್ ಜಾಸ್ತಿಯಾಯಿತು, ಎಡಕ್ಕೆ ನಿಂತರೆ ಕಡಿಮೆಯಾಯಿತು. ಈ ಹೊಂದಾಣಿಕೆಗೆ ಮೊದಲು ಸರಿಯಾದ 0.5 ಆಂಪಿಯರ್ ಫ್ಯೂಸ್ ಹಾಕಿರಬೇಕು, ಮರೆಯಬೇಡಿ.

ಒಂದು ಎಚ್ಚರಿಕೆ. ಕಾಯಿಲ್ ಸರಿಯಿದೆಯಾ ಅಂತ ನೋಡಲು ಇನ್ನೊಂದು ಮುಳ್ಳಿನ ಮೀಟರಿನ ×1 ರೇಂಜ್ ಬಳಸಲೇಬೇಡಿ. ಎರಡು ಸೆಲ್ ಇರುವ ಮೀಟರ್ ಆ ರೇಂಜಿನಲ್ಲಿ 150 ಮಿಲಿಆಂಪಿಯರ್‌ವರೆಗೂ ಕೊಡಬಲ್ಲದು. ಉಳಿದಿದ್ದ ಕಾಯಿಲ್ಲೂ ಕೆಡುತ್ತದೆ. ನೋಡಲೇಬೇಕಿದ್ದರೆ ಡಿಜಿಟಲ್ ಮೀಟರಿನ 20 ಕೆ ರೇಂಜ್ ಸಾಕು.

ಬೋರ್ಡ್ ಮೇಲೆ ಕರಿ ಹಿಡಿದಿದೆಯಾ ನೋಡಿ. ನಮ್ಮ ಮಲೆನಾಡಿನಲ್ಲಿ ಇದಕ್ಕೆ ಬೇರೆ ಊರಿಗಿಂತ ಜಾಸ್ತಿ ಗಮನ ಕೊಡಬೇಕು. ಸುಟ್ಟ ಕರಿ ಅಂದರೆ ಇಂಗಾಲ, ಒಣಗಿದ್ದಾಗಲೂ ಸ್ವಲ್ಪ ಕರೆಂಟ್ ಬಿಡುತ್ತದೆ. ಜುಲೈ ತಿಂಗಳ ತೇವದಲ್ಲಿ, ಅದರ ಮೇಲೆ ಒಂದಿಷ್ಟು ಬೂಷ್ಟು ಬೆಳೆದರೆ, ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಸರಿ ತೋರಿಸಿದ ಮೀಟರ್ ಮಳೆಗಾಲದಲ್ಲಿ ತಪ್ಪು ತೋರಿಸುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹಳೇ ಟೂತ್ ಬ್ರಷ್ ಅದ್ದಿ ಉಜ್ಜಿ. ಹೋಗದಿದ್ದರೆ ಬ್ಲೇಡಿನಿಂದ ಕೆರೆದು ತೆಗೆಯಿರಿ. ಕರಿ ಬೋರ್ಡಿನ ಒಳಗೇ ಇಳಿದಿದ್ದರೆ, ರೇಂಜ್ ಸ್ವಿಚ್ಚಿನ ಪಟ್ಟಿಗಳು ಸುಟ್ಟಿದ್ದರೆ, ಕೇಸ್ ಬಿರುಕು ಬಿಟ್ಟಿದ್ದರೆ, ಆಗ ಮಾತ್ರ ನಾನು ಈ ಮೀಟರ್ ಸಾಕು ಅನ್ನುತ್ತೇನೆ. ಅಲ್ಲಿಂದ ಮುಂದೆ ಅದು ಗಾಜಿನ ಬೀರುವಿನಲ್ಲಿ ಇರಲಿ.

×1 ಒಂದನ್ನು ಬಿಟ್ಟು ಉಳಿದದ್ದು ಬಳಸುತ್ತೇನೆ ಅಂತ ಹಾಗೇ ಇಟ್ಟುಕೊಳ್ಳುವವರೂ ಇದ್ದಾರೆ. ನನಗೆ ಅದು ಇಷ್ಟ ಇಲ್ಲ. ಆರು ತಿಂಗಳಾದ ಮೇಲೆ ನಿಮಗೇ ಮರೆತಿರುತ್ತದೆ, ಅಥವಾ ಮನೆಯಲ್ಲಿ ಬೇರೆ ಯಾರೋ ತೆಗೆದುಕೊಂಡಿರುತ್ತಾರೆ. ನಾನು ಹೇಳುವುದು ಇಷ್ಟು: ಇದನ್ನು ರಿಪೇರಿ ಮಾಡಿ ಓಮ್, ಸಣ್ಣ ವೋಲ್ಟೇಜ್, ಅಲೈನ್‌ಮೆಂಟ್ (ಟ್ಯೂನಿಂಗ್ ಹೊಂದಿಸುವ) ಕೆಲಸಕ್ಕೆ ಇಟ್ಟುಕೊಳ್ಳಿ. ಎಚ್‌ಟಿ ಮತ್ತು ಮೇನ್ಸ್ ಅಳೆಯಲು ಸುರಕ್ಷತೆಯ ದರ್ಜೆ ಕ್ಯಾಟ್ 3, 600 ವೋಲ್ಟ್ ಅಂತ ಬರೆದಿರುವ ಒಂದು ಒಳ್ಳೇ ಡಿಜಿಟಲ್ ಮೀಟರ್ ತನ್ನಿ. ತೀರಾ ಅಗ್ಗದ ಡಿಜಿಟಲ್ ಬೇಡ. ಅವುಗಳಲ್ಲಿ ಹಲವಕ್ಕೆ 10 ಆಂಪಿಯರ್ ಸಾಕೆಟ್‌ಗೆ ಫ್ಯೂಸೇ ಇರುವುದಿಲ್ಲ, ಸಾಕೆಟ್ ಪಕ್ಕದಲ್ಲೇ ಹಾಗಂತ ಅಚ್ಚು ಹಾಕಿರುತ್ತಾರೆ. ಕೆಂಪು ಲೀಡ್ ಅಲ್ಲೇ ಮರೆತು ಮೇನ್ಸಿಗೆ ಇಟ್ಟರೆ ಪಿನ್ನಿನ ತುದಿಯೇ ಕರಗುತ್ತದೆ. ಲೀಡ್‌ಗಳನ್ನೂ ಹೊಸದು ಹಾಕಿ. 1988ರ ಲೀಡಿನ ರಬ್ಬರ್ ಬಗ್ಗಿಸಿದರೆ ಬಿರುಕು ಕಾಣುತ್ತದೆ.

ಈಗ ರೇಡಿಯೋ. ಕಂಡೆನ್ಸರಿನಲ್ಲಿ ಈ ಹೊತ್ತಿಗೆ ಚಾರ್ಜ್ ಇರಲಾರದು, ಆದರೂ ಅದನ್ನು ನಂಬಿ ಕೈ ಇಡಬೇಡಿ. 10 ಕೆ, 5 ವ್ಯಾಟಿನ ರೆಸಿಸ್ಟರಿಗೆ ಒಂದು ಕಡೆ ಕ್ರೊಕೊಡೈಲ್ ಕ್ಲಿಪ್, ಇನ್ನೊಂದು ಕಡೆ ಹಳೇ ಲೀಡಿನ ಚೆನ್ನಾಗಿರುವ ಪಿನ್ ಹಾಕಿ ಒಂದು ಸಾಧನ ಮಾಡಿಕೊಳ್ಳಿ. ರೆಸಿಸ್ಟರ್ ಮೇಲೆ ಸ್ಲೀವ್ ಇರಲಿ. ಕ್ಲಿಪ್ ಚಾಸಿಗೆ, ಪಿನ್ ಎಚ್‌ಟಿಗೆ. ಹತ್ತು ಎಣಿಸುವವರೆಗೆ ಹಿಡಿಯಿರಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವುದು ನಮ್ಮ ಕಡೆ ರೂಢಿ. ನಾನು ಕೆಲಸ ಕಲಿತ ಅಂಗಡಿಯಲ್ಲೂ ಹಾಗೇ ಮಾಡುತ್ತಿದ್ದರು. ಆ ಕಿಡಿ ಹೊಸ ಕಂಡೆನ್ಸರಿಗೂ ಒಳ್ಳೇದಲ್ಲ, ಕಣ್ಣಿಗೂ ಒಳ್ಳೇದಲ್ಲ. ಡಿಸ್ಚಾರ್ಜ್ ಮಾಡಿದ ಮೇಲೆ ಮೊದಲು ವೋಲ್ಟ್ ರೇಂಜ್, ದೊಡ್ಡದರಿಂದ ಶುರು. ಸೊನ್ನೆ ಕಂಡ ಮೇಲೇ ಓಮ್. ಆ ಸೊನ್ನೆ ನಿಜವಾ ಅಂತ ಖಾತ್ರಿ ಮಾಡಲು ಅದೇ ಮೀಟರನ್ನು ಅಳೆಯುವ ಮೊದಲೂ ಆಮೇಲೂ ಒಂದು 9 ವೋಲ್ಟ್ ಬ್ಯಾಟರಿಗೆ ಇಟ್ಟು ನೋಡಿ. ಅರ್ಧ ನಿಮಿಷದ ಕೆಲಸ. ನಾನು ಇವತ್ತಿಗೂ ಬಿಡುವುದಿಲ್ಲ.

ಶಾಶ್ವತ ಪರಿಹಾರವೂ ಇದೆ. ಮೊದಲ ಫಿಲ್ಟರ್ ಕಂಡೆನ್ಸರಿಗೆ ಅಡ್ಡಲಾಗಿ 220 ಕೆ, 2 ವ್ಯಾಟಿನ ರೆಸಿಸ್ಟರ್ ಸೋಲ್ಡರ್ ಮಾಡಿಬಿಡಿ. ಸೆಟ್ ಓಡುವಾಗ ಒಂದು ಮಿಲಿಆಂಪಿಯರಿಗಿಂತ ಒಂಚೂರು ಜಾಸ್ತಿ ಎಳೆಯುತ್ತದೆ, ಅದು ಲೆಕ್ಕಕ್ಕಿಲ್ಲ. ಪ್ಲಗ್ ತೆಗೆದ ಒಂದೂವರೆ ನಿಮಿಷದಲ್ಲಿ, ವಾಲ್ವ್ ಇರಲಿ ಬಿಡಲಿ, ಕಂಡೆನ್ಸರ್ ಖಾಲಿ.

ಬೇರೆ ಮೀಟರಿನಿಂದ ಎಚ್‌ಟಿಯಿಂದ ಚಾಸಿಗೆ ನೋಡಿ. ಮೊದಲು ಕಡಿಮೆ ತೋರಿಸಿ ನಿಧಾನವಾಗಿ ಏರುತ್ತಾ ಹತ್ತಾರು ಸಾವಿರ ಓಮ್ ದಾಟಿದರೆ ಶಾರ್ಟ್ ಇಲ್ಲ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಕೆಲವು ನೂರು ಓಮ್ ತೋರಿಸಬೇಕು. ವಾಲ್ವ್ ಹಾಕುವ ಮೊದಲು ಇಸಿಎಲ್ 82ರ ಪೆಂಟೋಡ್ ಗ್ರಿಡ್‌ಗೆ ಬರುವ ಹಳೇ ಪೇಪರ್ ಕಂಡೆನ್ಸರ್ ಬದಲಿಸಿ, 0.01 ಅಥವಾ 0.02 ಮೈಕ್ರೋಫ್ಯಾರಡ್ ಇರುತ್ತದೆ. ಅಟ್ಟದ ತೇವದಲ್ಲಿ ಅದು ಲೀಕ್ ಆಗದೆ ಉಳಿದಿರುವುದನ್ನು ನಾನು ಈ ಕಡೆ ನೋಡಿಲ್ಲ. ಲೀಕ್ ಆದರೆ ಔಟ್‌ಪುಟ್ ವಾಲ್ವ್ ಮಿತಿ ಮೀರಿ ಕರೆಂಟ್ ಎಳೆದು ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. ಮೊದಲ ಸಲ ಆನ್ ಮಾಡುವಾಗ 60 ವ್ಯಾಟಿನ ಹಳೇ ಬಲ್ಬ್ ಹಾಕಿದ ಸೀರೀಸ್ ಬೋರ್ಡಿನಲ್ಲೇ, ಅಂದರೆ ಬಲ್ಬಿನ ಮೂಲಕವೇ ಸೆಟ್‌ಗೆ ಕರೆಂಟ್ ಹೋಗುವ ಹಾಗೆ, ಮಾಡಿ.

ನಿಮ್ಮ ಸೆಟ್‌ನ ವಾಲ್ವ್ ಎಲ್ಲವೂ ಇ ಅಕ್ಷರದವು, ಟ್ರಾನ್ಸ್‌ಫಾರ್ಮರ್ ಇದೆ. ಇದನ್ನು ಓದುತ್ತಿರುವ ಬೇರೆಯವರ ರೇಡಿಯೋದಲ್ಲಿ ಯುಸಿಎಚ್, ಯುಬಿಎಫ್, ಯುಸಿಎಲ್ ಅಂತ ಯು ಅಕ್ಷರದ ವಾಲ್ವ್ ಇದ್ದರೆ ಚಾಸಿಯೇ ನೇರವಾಗಿ ಮೇನ್ಸಿಗೆ ಸೇರಿರಬಹುದು. ಅಂಥದಕ್ಕೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೈ ಹಾಕಬೇಡಿ.

ಸೆಟ್ ಓಡಿದ ಮೇಲೆ ಹಾಸನ ಆಕಾಶವಾಣಿ ಬರುತ್ತಿಲ್ಲ ಅಂತ ಗಾಬರಿಯಾಗಬೇಡಿ. ಅದು ಎಫ್‌ಎಂ 102.2, ನಿಮ್ಮ ಸೆಟ್‌ನಲ್ಲಿ ಆ ಬ್ಯಾಂಡ್ ಇರುವುದಿಲ್ಲ. ನಿಮ್ಮ ಕಡೆ ಮೀಡಿಯಂ ವೇವ್ ಅಂದರೆ ಭದ್ರಾವತಿ, 675 ಕಿಲೋಹರ್ಟ್ಸ್. ಡಯಲ್ ಮೀಟರ್ ಲೆಕ್ಕದಲ್ಲಿದ್ದರೆ 444ರ ಹತ್ತಿರ.

ಮೀಟರನ್ನು ನೀವೇ ಬಿಚ್ಚಲು ಧೈರ್ಯ ಸಾಲದಿದ್ದರೆ ರಿಪೇರಿಯವರಿಗೆ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಬಹುದು. ಸೆಲ್ ತೆಗೆಯಿರಿ. ಸ್ವಿಚ್‌ನಲ್ಲಿ ಆಫ್ ಇದ್ದರೆ ಆಫ್‌ಗೆ, ಇಲ್ಲದಿದ್ದರೆ ಅತಿ ದೊಡ್ಡ ಎಂಎ ರೇಂಜಿಗೆ ಹಾಕಿ. ಆಗ ಕಾಯಿಲ್‌ಗೆ ಅಡ್ಡಲಾಗಿ ಸಣ್ಣ ರೆಸಿಸ್ಟೆನ್ಸ್ ಬಂದು ಘಾಟಿಯ ಕುಲುಕಾಟಕ್ಕೆ ಮುಳ್ಳು ಒದ್ದಾಡುವುದಿಲ್ಲ. ವಾಪಸ್ ಬಂದ ತಕ್ಷಣ ಆ ರೇಂಜಿನಿಂದ ತೆಗೆದು 1000 ವೋಲ್ಟಿಗೆ ಹಾಕಿಡಿ. ನೀವೇ ಮಾಡುವುದಾದರೆ ಹೊಸ ರೆಸಿಸ್ಟರ್ ಹಾಕಿದ ಮೇಲೆ 20 ಓಮ್ ಇಟ್ಟಾಗ ಮುಳ್ಳು ಎಲ್ಲಿ ನಿಂತಿತು, ಆರು ಸೆಲ್‌ಗೆ ಎಷ್ಟು ತೋರಿಸಿತು ಅಂತ ಬರೆದು ತಿಳಿಸಿ. ಮುಂದಿನದು ಅದನ್ನು ನೋಡಿ ಹೇಳುತ್ತೇನೆ.